ಗುಂಡಣ್ಣನ ಕಣ್ಣಿಗೆ ಪೊರೆ ಬಂದದ್ದು

ನಮ್ಮ ಸೋದರತ್ತೆಗೆ ಮನುಷ್ಯರ ಕಾಯಿಲೆಗಳಲ್ಲಿ ಕಿಂಚಿತ್ತೂ ನಂಬಿಕೆಯಿಲ್ಲ! ನನಗೆ ಜ್ವರ ಬಂದರೆ "ಎದ್ದು ಓಡಾಡು, ಹೋಗುತ್ತೆ" ಎನ್ನುವ ಈ ನಿವೃತ್ತ ಹೆಡ್‌ಮೇಡಂ, ಗುಂಡಣ್ಣ ಒಂದು ಹೊತ್ತು ಊಟ ಬಿಟ್ಟರೆ ಇಡೀ ತುಮಕೂರನ್ನೇ ತಲೆಕೆಳಗು ಮಾಡುತ್ತಾರೆ. ಗುಂಡಣ್ಣ ಯಾರು ಅಂದಿರಾ? ಅವರ ಬಚ್ಚಲುಮನೆಯ ನೆಲಗಪ್ಪೆ!

ಹತ್ತು ವರ್ಷದ ಹಿಂದೆ ಗುಬ್ಬಿಯಿಂದ ತಂದ ತೆಂಗಿನ ಸಸಿಯ ಮಣ್ಣಿನಲ್ಲಿ ಅಡಗಿ ಬಂದವನು ಬಚ್ಚಲ ಮೂಲೆ ಸೇರಿಕೊಂಡ. ಅಂದಿನಿಂದ ಅಲ್ಲಿಗೆ ಫಿನಾಯಿಲ್ ಬರುವಂತಿಲ್ಲ. ನೆಂಟರು ನೀರು ಸುರಿದುಕೊಳ್ಳುವ ಮುಂಚೆ "ಸ್ವಲ್ಪ ಜರುಗಪ್ಪ ಗುಂಡಣ್ಣ" ಎನ್ನಬೇಕು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಸ್ನಾನಕ್ಕೆ ಹೋಗಿ, ಅವನನ್ನು ಕಂಡು, ಸೋಪಿನ ನೊರೆಯ ಸಮೇತ ಹೊರಗೆ ಹಾರಿದರು. ಅತ್ತೆ ಅವರನ್ನು ದಾಟಿಕೊಂಡು ಒಳಗೋಡಿ ಕೇಳಿದ್ದು ಒಂದೇ ಮಾತು: "ಅಯ್ಯೋ, ಹೆದ್ರುಕೊಂಡ್ಯೇನೋ ಕಂದಾ?"

ಈ ವರ್ಷ ಅವನಿಗೆ ಮುಪ್ಪು ಅಡರಿತು. ಕಣ್ಣಿಗೆ ಪೊರೆ ಬಂತು. ಜಿರಲೆಗೆಂದು ಚಾಚಿದ ನಾಲಿಗೆ ಹೋಗಿ ಬಕೆಟ್ಟಿಗೆ ಅಂಟಿತು. ಎಂಟು ದಿನ ಏನೂ ತಿನ್ನಲಿಲ್ಲ. ಸೊಂಟದ ಮೂಳೆ ಎದ್ದು ಕಾಣತೊಡಗಿತು. ಅತ್ತೆ ಅವನನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು, ನನ್ನನ್ನೂ ಎಳೆದುಕೊಂಡು ಪಶು ಆಸ್ಪತ್ರೆಗೆ ಹೊರಟರು.

"ಹಸುನಾ, ನಾಯಿನಾ ಮೇಡಂ?" ಚೀಟಿ ಬರೆಯುವವನು ಕೇಳಿದ.

"ಸೀನಿಯರ್ ಸಿಟಿಜನ್ ಅಂತ ಬರ್ಕೊಳಪ್ಪ."

ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಪುಣ್ಯಾತ್ಮ, ನಗಲಿಲ್ಲ. "ಕಣ್ಣು ವಾಪಸ್ ಬರಲ್ಲಮ್ಮ. ಈ ವಿಟಮಿನ್ ಡ್ರಾಪ್ಸ್ ಎರೆಹುಳಕ್ಕೆ ಸವರಿ ಬಾಯಿ ಹತ್ರ ಹಿಡೀರಿ. ಈ ವಾರ ತಿಂದ್ರೆ ಉಳ್ಕೊತಾನೆ."

ಅತ್ತೆಯ ಮುಖ ಸಣ್ಣದಾಯಿತು.

ಸಿಮೆಂಟು ಬಳಿದ ನಮ್ಮ ಬೀದಿಯಲ್ಲಿ ಎರೆಹುಳ ಎಲ್ಲಿ ಸಿಗಬೇಕು? ಮರುದಿನವೇ ಮಾರ್ಕೋನಹಳ್ಳಿಯ ನೆಂಟರ ತೋಟಕ್ಕೆ ಹೋದೆವು. "ಕಾಫಿ ಆಮೇಲೆ, ಮೊದ್ಲು ಗುದ್ದಲಿ ಕೊಡು" ಎಂದರು ಅತ್ತೆ. ಮೊಸರಿನ ಡಬ್ಬಿ ತುಂಬಿಸಿಕೊಂಡು ಕುಣಿಗಲ್ಲಿನಲ್ಲಿ ತುಮಕೂರಿನ ಬಸ್ಸು ಹತ್ತಿದರೆ ನಿಲ್ಲಲೂ ಜಾಗವಿಲ್ಲ.

"ಏನಜ್ಜಿ ಡಬ್ಬೀಲಿ?" ಕಂಡಕ್ಟರ್ ಕೇಳಿದ.

"ಕಾಯಿಲೆಯವ್ನಿಗೆ ಊಟ ಕಣಪ್ಪ."

ಪಾಪ, ಕರಗಿಹೋದ! ಯಾರನ್ನೋ ಎಬ್ಬಿಸಿ ಮುಂದಿನ ಸೀಟು ಕೊಡಿಸಿದ. "ಪಥ್ಯದ್ದಾ?" ಎಂದ.

"ಹೂಂ. ನೋಡ್ತೀಯಾ?"

ನಾನು ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದೆ.

ಮನೆ ಸೇರಿದ್ದೇ ಅತ್ತೆ ಬಚ್ಚಲಲ್ಲಿ ಮಣೆ ಹಾಕಿ ಕೂತರು. ಚಿಮುಟದಲ್ಲಿ ಹುಳ ಹಿಡಿದು, "ಒಂದೇ ಒಂದು ತುತ್ತು ಕಣೋ, ನನ್ನಪ್ಪ" ಎಂದು ಮೂರು ದಿನ ಅಂಗಲಾಚಿದರು. ಮೂರೂ ದಿನ ಅವನು ಮುಖ ತಿರುಗಿಸಿದ. ನಾಲ್ಕನೆಯ ದಿನ ಬೆಳಿಗ್ಗೆ, ಏನನ್ನಿಸಿತೋ, ಬಾಯಿ ತೆರೆದ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ಗುಟುಕ್ ಎಂದು ನುಂಗಿದ. ಆಮೇಲೆ ತಡವರಿಸುತ್ತಾ ಮುಂದೆ ತೆವಳಿ, ಅತ್ತೆಯ ಒದ್ದೆ ಪಾದವನ್ನು ಮುಟ್ಟಿ ನಿಂತ. ಅವರ ಹೆಬ್ಬೆರಳಿನ ಮೇಲೆ ಗದ್ದ ಊರಿ ಸುಮ್ಮನಾದ.

ಅಡುಗೆಮನೆಯಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಅತ್ತೆ ಅಲುಗಾಡಲಿಲ್ಲ.

"ಹೋಗಿ ಸ್ಟವ್ ಆರ್ಸೇ," ಎಂದರು, ಉಸಿರಿನಷ್ಟೇ ಸಣ್ಣ ದನಿಯಲ್ಲಿ. "ನಾನೀಗ ಕಾಲು ತೆಗೆಯೋ ಹಾಗಿಲ್ಲ."