ರವದಿ ಸುಡಬೇಡಿ ಎನ್ನಲು ಥಾಯ್ಲೆಂಡಿಗೆ ಹೊರಟಿದ್ದು

ಊರೂರು ತಿರುಗಿ ಬುದ್ಧಿ ಹೇಳುವುದೇ ಕಸುಬಾದವನ ಬದುಕಿನಲ್ಲಿ ನಗುವಿಗೆ ಬರ ಬರುವುದಿಲ್ಲ. ನಗುವವರು ಬೇರೆಯವರು, ಅಷ್ಟೇ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಅದಕ್ಕೆ ಬೆಂಕಿ ಹಚ್ಚಬೇಡಿ, ಸಾಲಿನಲ್ಲಿ ಹಾಸಿ ಕೊಳೆಯಲು ಬಿಡಿ ಎಂದು ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಿ ಹೇಳುತ್ತ ಹದಿನಾರು ವರ್ಷ ಕಳೆದಿದ್ದೇನೆ. ಸಣ್ಣ ಸಂಸ್ಥೆ, ಸಣ್ಣ ಪಗಾರ. ಹೋದ ವರ್ಷ ಥಾಯ್ಲೆಂಡಿನ ಕಬ್ಬು ಬೆಳೆಗಾರರ ಒಂದು ಸಭೆಗೆ ಕರೆ ಬಂತು. ಅಲ್ಲಿಯವರೂ ಸುಡುತ್ತಾರೆ; ಸುಡದೆ ಇರುವುದು ಹೇಗೆಂದು ನಾನು ಹೋಗಿ ಹೇಳಬೇಕು. ವಿಮಾನಕ್ಕೆಂದು ಮುಂಬೈ ರೈಲು ಹತ್ತುವುದರೊಳಗೆ ಆದದ್ದಿಷ್ಟು.

೧. ಯಾರೂ ನಂಬಲಿಲ್ಲ

"ಪರಿಸರ ಸಂರಕ್ಷಣೆ ಕೆಲಸಕ್ಕೆ ವಿದೇಶಕ್ಕೆ ಹೊಂಟೀನಿ" ಎಂದರೆ ಜನ ಗೌರವದಿಂದ ತಲೆಯಾಡಿಸುತ್ತಿದ್ದರು. "ಎಲ್ಲಿಗ್ರಿ?" ಎಂದು ಕೇಳಿ, "ಥಾಯ್ಲೆಂಡಿಗೆ" ಎಂಬ ಉತ್ತರ ಕಿವಿಗೆ ಬಿದ್ದೊಡನೆ ಆ ಗೌರವ ಮೀಸೆಯ ಕೆಳಗೆ ಇಳಿದು ನಗುವಾಗುತ್ತಿತ್ತು.

"ಅಲ್ಲಿ ಪರಿಸರ ಭಾಳ ಚಲೋ ಇರತೈತಂತ್ರಿ ಸರ್," ಎಂದ ರಾಯಬಾಗದ ಚಹಾ ಅಂಗಡಿಯವನು. "ನಮ್ಮ ಗೆಳ್ಯಾ ಹೋಗಿ ಬಂದಾನ. ಏನ ನೋಡಿದಿ ಅಂದ್ರ ಹೇಳಾಕ ನಾಚತಾನ."

ಶಿರಗುಪ್ಪಿಯಲ್ಲಿ ನಮ್ಮ ಮನೆಯ ಎದುರು ಕಿರಾಣಿ ಅಂಗಡಿಯ ಹಿರಿಯರೊಬ್ಬರಿದ್ದಾರೆ. ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣದವರು, ಹಗುರ ಮಾತು ಆಡದವರು. ಊರೆಲ್ಲ ಅವರಿಗೆ ಅಣ್ಣಾ ಅನ್ನುತ್ತದೆ. ಇವರಾದರೂ ನಂಬಿಯಾರು ಎಂದು ರವದಿಯಿಂದ ಹಿಡಿದು ಮಣ್ಣಿನ ಎರೆಹುಳದ ತನಕ ವಿವರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಎಷ್ಟ ಮಂದಿ ಹೊಂಟೀರಿ?"

"ನಾ ಒಬ್ಬಾವ್ನ ಅಣ್ಣಾ."

"ಮನ್ಯಾಗ ನಂಬ್ಯಾರ?"

ಮನೆಗೆ ಬಂದು ಹೆಂಡತಿಯನ್ನೇ ಕೇಳಿದೆ. "ಮಂದಿ ಏನೇನೋ ಆಡ್ಕೊಳ್ಳಾಕತ್ತಾರ. ನಿನಗೂ ನನ್ನ ಮ್ಯಾಲೆ ಸಂಶೆ ಐತೇನ?"

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಸಂಶೆ ಪಡಾಕೂ ಒಂದ್ ನಮೂನಿ ಗಂಡಸ ಬೇಕಾಗತೈತ್ರಿ. ನೀವು ಅಲ್ಲಿ ಹೋದ್ರೂ ರವದೀನ ನೋಡಾವ್ರು."

೨. ಕೆಲಸ ಏನು?

ಪಾಸ್‌ಪೋರ್ಟ್ ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಪೊಲೀಸರೊಬ್ಬರು ಮನೆಗೆ ಬಂದರು. ವಯಸ್ಸಾದವರು, ಸೌಮ್ಯ ಸ್ವಭಾವ. ಕುರ್ಚಿಯಲ್ಲಿ ಕೂತು ನೀರು ಕುಡಿದು ಪೆನ್ನು ತೆಗೆದರು.

"ಏನ ಕೆಲಸ ಮಾಡತೀರಿ?"

"ರವದಿ ಸುಡಬ್ಯಾಡ್ರಿ ಅಂತ ರೈತರಿಗೆ ಹೇಳತೀನ್ರಿ."

"ಅದಾತು. ಕೆಲಸ ಏನು?"

"ಅದ ಕೆಲಸರಿ."

ಪೆನ್ನು ನಿಂತಿತು. "ಅದಕ್ಕ ಪಗಾರ ಕೊಡತಾರ?"

"ಕೊಡತಾರ್ರಿ."

"ಹೇಳಿದ್ರ ಕೇಳತಾರ?"

"ಕೆಲವರು ಕೇಳತಾರ್ರಿ."

ಅವರು ನನ್ನನ್ನು ಸ್ವಲ್ಪ ಅಸೂಯೆಯಿಂದ ನೋಡಿದರು. "ನಾವು ಲಾಠಿ ಹಿಡ್ಕೊಂಡ ಹೇಳಿದ್ರೂ ಮಂದಿ ಹೆಲ್ಮೆಟ್ ಹಾಕೋವಲ್ರು," ಎಂದು ನಿಟ್ಟುಸಿರು ಬಿಟ್ಟು ಏನೋ ಬರೆದರು. ಅವರು ಚಹಾ ಕುಡಿಯುವಾಗ ಕಾಗದದ ಮೇಲೆ ಕಣ್ಣಾಡಿಸಿದೆ. ಉದ್ಯೋಗ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಹೇಳುವುದು.

೩. ಬೀಳ್ಕೊಡುಗೆ

ಚಿಕ್ಕೋಡಿಯಲ್ಲಿ ನನ್ನ ಹಳೆಯ ಸಹಪಾಠಿಗಳು ಒಂದು ಸತ್ಕಾರ ಇಟ್ಟುಕೊಂಡರು. ಬೇಡವೆಂದೆ, ಕೇಳಲಿಲ್ಲ. ಹೋಗಿ ನೋಡಿದರೆ ಸಭಾಭವನದ ಮುಂದೆ ಆಳೆತ್ತರದ ಫ್ಲೆಕ್ಸ್. ನನ್ನ ಮುಖವನ್ನು ಎಷ್ಟು ಬೆಳ್ಳಗೆ ಮಾಡಿದ್ದರೆಂದರೆ ಮೊದಲು ಯಾರೋ ಉಮೇದುವಾರರು ಅಂದುಕೊಂಡೆ. ಕೆಳಗೆ ಬರೆದಿತ್ತು: "ಪರಿಸರ ಉಳಿಸಲು ಊರು ಬಿಡುತ್ತಿರುವ ನಮ್ಮ ಹೆಮ್ಮೆಯ ಗೆಳೆಯನಿಗೆ ಹಾರ್ದಿಕ ಶುಭಾಶಯಗಳು."

ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ ಕೊಟ್ಟರು. ಪ್ಲಾಸ್ಟಿಕ್ ಚೀಲದಿಂದ ತೆಗೆದ ಶಾಲು ಹೊದಿಸಿದರು. ಎರಡನ್ನೂ ನಗುತ್ತ ತೆಗೆದುಕೊಂಡೆ. ಪ್ರೀತಿಗೆ ಲೆಕ್ಚರ್ ಕೊಡಬಾರದು. ಕೊನೆಗೆ ಹೊರಗೆ ಬಂದಾಗ ಫ್ಲೆಕ್ಸಿನ ಪಕ್ಕದ ಬೇವಿನ ಮರ ಒಂದು ಬದಿ ಬೋಳಾಗಿರುವುದು ಕಣ್ಣಿಗೆ ಬಿತ್ತು.

"ಇದಕ್ಕ ಏನಾತೋ?" ಎಂದೆ.

"ನಿನ್ನ ಮಾರಿ ಕಾಣಸವೊಲ್ದಾಗಿತ್ತಪಾ," ಎಂದ ಮುಖ್ಯ ಸಂಘಟಕ. "ಟೊಂಗಿ ಕಡಿಸಿದ್ವಿ. ಪರಿಸರದ ಕಾರ್ಯಕ್ರಮ, ಯಾರೂ ಇಲ್ಲಾ ಅನ್ನಲಿಲ್ಲ."

೪. ತೂಕ

ವಿಮಾನದಲ್ಲಿ ಬ್ಯಾಗು ಇಪ್ಪತ್ಮೂರು ಕಿಲೋ ಮೀರಬಾರದು ಎಂದಿದ್ದರು. ನಿಪ್ಪಾಣಿಯಿಂದ ಅಕ್ಕ ಬಂದು ಶೇಂಗಾ ಹೋಳಿಗೆ, ಚಟ್ನಿಪುಡಿ, ಖಡಕ್ ರೊಟ್ಟಿ ತುಂಬಿದಳು. ತುಂಬಿದ ಮೇಲೆ ಅನುಮಾನ ಬಂತು. ಹತ್ತಿರದಲ್ಲಿ ಇದ್ದದ್ದು ಕಬ್ಬಿನ ಟ್ರ್ಯಾಕ್ಟರ್ ತೂಗುವ ಕಾಟಾ ಒಂದೇ. ಅಕ್ಕನೂ ಬಂದಳು.

ಅಷ್ಟು ದೊಡ್ಡ ಕಬ್ಬಿಣದ ಹಾಸಿನ ಮೇಲೆ ಬ್ಯಾಗು ಒಂಟಿಯಾಗಿ ನಿಂತಿತು. ಒಳಗಿನಿಂದ ಕಾಟಾದವನು ಕೂಗಿದ, "ಸರ್, ನಿಮ್ಮ ಬ್ಯಾಗ ಇಲ್ಲಾ ಅಂತೈತ್ರಿ!" ಟನ್ನುಗಳಲ್ಲಿ ಬದುಕುವ ಯಂತ್ರ, ನಮ್ಮಂಥವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅಕ್ಕ ಚಪ್ಪಲಿ ಬಿಟ್ಟು ತಾನೇ ಹತ್ತಿ ನಿಂತಳು. "ನಂದೆಷ್ಟ ತೋರಸತೈತಿ?"

"ಸೊನ್ನಿ ಐತ್ರಿ ಅಕ್ಕಾರ."

"ಹಂಗಾದ್ರ ಒಂದ ಚೀಟಿ ತಗದ ಕೊಡೋ ತಮ್ಮಾ," ಎಂದಳು. "ತೂಕ ಇಳಸ್ರಿ ಇಳಸ್ರಿ ಅಂತ ಆ ಡಾಕ್ಟರ್ ಜೀವಾ ತಿಂತಾನ. ಒಯ್ದ ತೋರಸತೀನಿ."

೫. ಹೊರಟ ಬೆಳಿಗ್ಗೆ

ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತೇನೆ, ಮಿರಜದಲ್ಲಿ ಹತ್ತರ ಸುಮಾರಿಗೆ ಮುಂಬೈ ರೈಲು, ಹತ್ತು ದಿನ ಇರುವುದಿಲ್ಲ ಎಂದು ವಾರದಿಂದ ಕಂಡವರಿಗೆಲ್ಲ ಹೇಳಿದ್ದೆ. ಬಾಡಿಗೆ ಕಾರು ಪಂಕ್ಚರ್ ಆಗಿ ಬಂದಾಗ ಎಂಟು. ಊರು ದಾಟಿ ಸ್ವಲ್ಪ ಹೋಗಿದ್ದೆವು, ರಸ್ತೆಯ ಬಲಕ್ಕೆ ಹೊಗೆ. ಆ ಹೊಲ ಯಾರದೆಂದು ನನಗೆ ನೋಡದೆಯೂ ಗೊತ್ತು. ಮೂರು ವರ್ಷದಿಂದ ನನ್ನ ಮಾತು ಕೇಳಿ ರವದಿ ಹಾಸುತ್ತಿದ್ದ ಹಿರಿಯ ರೈತ, ನಾನು ಕಾಕಾ ಎನ್ನುವವರದು. ಥಾಯ್ಲೆಂಡಿನಲ್ಲಿ ತೋರಿಸಲು ಇಟ್ಟುಕೊಂಡ ಮೊದಲ ಫೋಟೋ ಅದೇ ಹೊಲದ್ದು.

ಕಾರು ನಿಲ್ಲಿಸಿ ಓಡಿದೆ. ಬದುವಿನ ಮೇಲೆ ಕಾಕಾ, ಕೈಯಲ್ಲಿ ಕಡ್ಡಿಪೆಟ್ಟಿಗೆ; ಅವರ ಹಿಂದೆ ಅಕ್ಕಪಕ್ಕದ ಹೊಲದವರು ಏಳೆಂಟು ಮಂದಿ. ನನ್ನನ್ನು ಕಂಡು, ಮಣ್ಣು ಮಾಡಿ ಬಂದ ಹೆಣ ಎದ್ದು ಬಂದಂತೆ ಬೆಚ್ಚಿದರು.

"ಸರ್! ನೀವು ಇನ್ನಾ ಹೋಗಿಲ್ಲೇನ್ರಿ?"

"ಏನಿದು ಕಾಕಾ?"

"ಆರಕ್ಕ ಹೋಗತೀನಿ ಅಂದಿದ್ರಿ," ಎಂದರು ಕಾಕಾ. ದನಿಯಲ್ಲಿ ಮೋಸ ಹೋದವರ ನೋವಿತ್ತು. "ನಿಮ್ಮ ಮರ್ಯಾದಿಗೆ ಎಂಟರ ತನಕ ಕಾದೇವ್ರಿ. ರವದ್ಯಾಗ ಇಲಿ ಭಾಳ ಆಗ್ಯಾವು. ನಿಮ್ಮ ಕಣ್ಣ ಮುಂದ ಹಚ್ಚಿದ್ರ ನಿಮಗ ಬ್ಯಾಸರ ಆಗತೈತಿ ಅಂತ ಮೂರು ವರ್ಷ ತಡಕೊಂಡೀನಿ. ಹತ್ತ ದಿನಾ ಇರಂಗಿಲ್ಲ ಅಂದ್ರಿ, ಅದಕ್ಕ ಎಲ್ಲಾರೂ ಕೂಡಿ..."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂರು ವರ್ಷ ಇವರು ಸುಡದೆ ಬಿಟ್ಟದ್ದು ಮಣ್ಣನ್ನು ನೋಡಿ ಅಲ್ಲ, ನನ್ನ ಮುಖ ನೋಡಿ. ಅದನ್ನು ಥಾಯ್ಲೆಂಡಿನವರಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಅಂಗಿಯ ತೋಳು ಮಡಚಿ, ಹಸಿ ಟೊಂಗೆ ಮುರಿದುಕೊಂಡು ಬೆಂಕಿ ಬಡಿಯತೊಡಗಿದೆ.

"ಸರ್, ನಿಮ್ಮ ಗಾಡಿ ತಪ್ಪತೈತ್ರಿ," ಎಂದರು ಕಾಕಾ.

"ತಪ್ಪಲಿ ಬಿಡ್ರಿ. ಈ ರೈಲು ತಪ್ಪಿದ್ರ ನಾ ಹೋಗೂದ ಇಲ್ಲ. ಊರಾಗ ಇರತೀನಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ಬಾವಿಯ ಮೋಟರು ಚಾಲೂ ಮಾಡಲು ಓಡಿದ. ಇಬ್ಬರು ಪೈಪು ಎಳೆದರು. ಉಳಿದವರು ನನ್ನ ಕೈಯ ಟೊಂಗೆ ಕಸಿದುಕೊಂಡು ಎಡಬಲ ಬಡಿದರು. "ಲಗೂ ಲಗೂ, ಸರ್‌ಗ ತಡಾ ಆಕ್ಕೈತಿ!" ಹತ್ತು ನಿಮಿಷಕ್ಕೆ ಬೆಂಕಿ ಆರಿತು, ಸುಟ್ಟದ್ದು ಹೊಲದ ಒಂದು ಮೂಲೆ ಮಾತ್ರ. ಹದಿನಾರು ವರ್ಷದಲ್ಲಿ ಪರಿಸರ ಸಂರಕ್ಷಣೆಗೆ ಜನ ಇಷ್ಟು ಹುರುಪಿನಿಂದ ದುಡಿದದ್ದನ್ನು ನಾನು ನೋಡಿರಲಿಲ್ಲ.

ಕಾಕಾ ನನ್ನನ್ನು ಕಾರಿಗೆ ತಳ್ಳಿ ತಾವೂ ಹತ್ತಿದರು. ಮಿರಜದ ತನಕ ಡ್ರೈವರನ ಹೆಗಲು ತಟ್ಟುತ್ತಲೇ ಬಂದರು. ಬ್ಯಾಗನ್ನು ತಾವೇ ಹೊತ್ತು ರೈಲಿನ ಸೀಟಿನ ಕೆಳಗೆ ನೂಕಿ, "ಫೋಟೋ ಅದ ತೋರಸ್ರಿ. ಸುಟ್ಟ ಮೂಲಿ ಅದರಾಗ ಬಂದಿಲ್ಲ," ಎಂದು ಧೈರ್ಯ ಹೇಳಿ ಕೆಳಗಿಳಿದರು.

ಆದರೆ ಹೋಗಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಟಿ.ಸಿ.ಯನ್ನು ತಡೆದು, ಕೈ ಮುಗಿದು, ಮರಾಠಿಯಲ್ಲಿ ಬಹಳ ಕಳಕಳಿಯಿಂದ ಏನೋ ವಿಚಾರಿಸುತ್ತಿದ್ದರು. ನನ್ನ ಸೀಟಿನ ಬಗ್ಗೆ ಇರಬೇಕು ಎಂದು ಕಿಟಕಿಗೆ ಕಿವಿಯಿಟ್ಟೆ.

ಅವರು ಕೇಳುತ್ತಿದ್ದದ್ದು ಇಷ್ಟೇ: "ಸಾಹೇಬರೇ, ಈ ಗಾಡಿ ನಡುವೆ ಎಲ್ಲಿಂದಲೂ ತಿರುಗಿ ಬರುವುದಿಲ್ಲ ತಾನೇ?"