ಮಾವನವರ ಮುಖದ ಬಣ್ಣ ಸರಿಮಾಡಿದ್ದು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಹಾಯಾಗಿ ಎದ್ದುಹೋಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನಿಂದ ಅದಾಗುವುದಿಲ್ಲ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ವರ್ಷಗಟ್ಟಲೆ ವಿಜ್ಞಾನ ಪಾಠ ಹೇಳಿದ್ದರ ಫಲವಾಗಿ, ಯಾರು ಕೇಳಿದರೂ, ಕೇಳದಿದ್ದರೂ, ಕಾರಣ ಹೇಳುವ ಚಟ ಅಂಟಿಕೊಂಡಿದೆ. ಹಾಲು ಒಡೆದರೆ ಕಾರಣ, ಕುಕ್ಕರ್ ಕೂಗದಿದ್ದರೆ ಕಾರಣ. ನನ್ನ ಹೆಂಡತಿ ಗಿರಿಜಾ ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಕಣ್ಣರಳಿಸಿ ಕೇಳುತ್ತಿದ್ದಳು. ಕೆಲವು ವರ್ಷ ಕಳೆದ ಮೇಲೆ ಬರೀ ಕೇಳುತ್ತಿದ್ದಳು. ಕೊನೆಕೊನೆಗೆ "ಆತು ಬಿಡ್ರಿ, ಗ್ಯಾಸ್ ಮುಗಿದೈತೆ ಅಷ್ಟೇ" ಎಂದು ಪಾಠದ ನಡುವೆಯೇ ಎದ್ದುಹೋಗತೊಡಗಿದಳು. ಏನೇ ಆಗಲಿ, ಈ ಚಟದಿಂದ ಕೇಳುವವರಿಗೆ ಬೇಸರ ಬಿಟ್ಟರೆ ಬೇರೇನೂ ಕೇಡಿಲ್ಲ ಎಂದೇ ತೊಂಬತ್ತರ ದಶಕದ ಕೊನೆಯವರೆಗೂ ನಂಬಿಕೊಂಡಿದ್ದೆ.

ನನ್ನ ಮಾವನವರು ಹರಿಹರದಲ್ಲಿ ಕಾಳುಕಡಿ ವ್ಯಾಪಾರ ಮಾಡಿ, ವಯಸ್ಸಾದ ಮೇಲೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಮನೆಯ ಕಟ್ಟೆಯ ಮೇಲೆ ಕೂತವರು. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಮೂಗಿನ ಮೇಲೆ ಭಾರಿ ದಪ್ಪದ ಕನ್ನಡಕ. ಈ ಕನ್ನಡಕದ ದೆಸೆಯಿಂದ ಅವರ ಒಂದು ಫೋಟೋ ಕೂಡ ನೆಟ್ಟಗೆ ಬಂದದ್ದಿಲ್ಲ. ನಮ್ಮ ಮದುವೆ ಆಲ್ಬಮ್ಮಿನಲ್ಲಿ ಅಕ್ಷತೆ ಹಾಕುತ್ತಿರುವ ಮಾವನವರಿಗೆ ಕಣ್ಣೇ ಇಲ್ಲ, ಅವು ಇರಬೇಕಾದಲ್ಲಿ ಎರಡು ಬಲ್ಬು ಹತ್ತಿಕೊಂಡಿವೆ. ಗಿರಿಜಾಗೆ ಇದೊಂದು ಕೊರಗು. "ಅಪ್ಪಾಜಿ ಕಣ್ಣು ಕಾಣೋದು ಒಂದು ಫೋಟೋನೂ ಇಲ್ಲ ನಮ್ಮನ್ಯಾಗೆ. ಅವ್ರಿಗೂ ವಯಸ್ಸಾತು. ಊರಿಗೆಲ್ಲ ಬುದ್ಧಿ ಹೇಳ್ತೀರಿ, ಇದೊಂದು ಮಾಡ್ಕೊಡ್ರಿ ನೋಡೋಣ" ಎಂದಳು. ಹೆಂಡತಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಎಂದು ಕಾಣುತ್ತದೆ. ಸೀರೆ ಕೇಳಿದ್ದರೆ ಎಷ್ಟು ಸುಲಭವಿತ್ತು ಎಂದು ಈಗ ಅನ್ನಿಸುತ್ತದೆ.

ಬರೀ ಫೋಟೋ ಏಕೆ, ವಿಡಿಯೋವನ್ನೇ ತೆಗೆಯೋಣ ಎಂದು ಹೊರಟೆ. ನಮ್ಮೂರಿನ ವಿನೋಬನಗರದಲ್ಲಿ ಮದುವೆ ವಿಡಿಯೋ ತೆಗೆಯುವ ಹಾಲೇಶ ನನ್ನ ಹಳೆಯ ಶಿಷ್ಯ. ಮುಹೂರ್ತ ಇಲ್ಲದ ಅಧಿಕ ಮಾಸವಾದ್ದರಿಂದ ಅವನ ಕ್ಯಾಮೆರಾ ಬೀರುವಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಅದರ ಜೊತೆಗೆ ಪೋಲರೈಸಿಂಗ್ ಫಿಲ್ಟರ್ ಎಂಬ ಕಪ್ಪು ಛಾಯೆಯ ಗಾಜಿನ ಬಿಲ್ಲೆಯನ್ನೂ ಕೊಟ್ಟ. ಲೆನ್ಸಿನ ಮುಂದೆ ಸಿಕ್ಕಿಸಿ ಅದರ ಉಂಗುರ ತಿರುಗಿಸುತ್ತ ಹೋದರೆ ನೀರಿನ ಮೇಲಿನ, ಗಾಜಿನ ಮೇಲಿನ ಹೊಳಪೆಲ್ಲ ಮಾಯ. "ಸಾರ್, ಮೊದ್ಲು ಫಿಲ್ಟರ್ ಹಾಕ್ರಿ. ಆಮ್ಯಾಲೆ ಬಿಳೀದು ಏನಾದ್ರೂ ತುಂಬಾ ಕಾಣಂಗೆ ಹಿಡಿದು ಈ ಬಟನ್ ಒತ್ರಿ. ಬಿಳಿ ಯಾವ್ದು ಅಂತ ಕ್ಯಾಮೆರಾಕ್ಕೆ ಗೊತ್ತಾದ್ರೆ ಉಳಿದ ಬಣ್ಣ ಅದೇ ಸರಿ ಮಾಡ್ಕೊಳ್ತೈತೆ. ವೈಟ್ ಬ್ಯಾಲೆನ್ಸ್ ಅಂತೀವಿ. ಉಲ್ಟಾ ಮಾತ್ರ ಮಾಡಬ್ಯಾಡ್ರಿ" ಎಂದ. ಬೆಳಕಿನ ಪಾಠವನ್ನು ನನ್ನ ಕೈಯಲ್ಲಿ ಕಲಿತು ಎರಡು ಸಲ ಫೇಲಾದವನು ನನಗೇ ಬೆಳಕಿನ ಪಾಠ ಹೇಳುತ್ತಾನಲ್ಲ ಎಂದು ನಕ್ಕು, ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಂದೆ.

ಮೊದಲ ಭಾನುವಾರ ಸ್ಕೂಟರಿನಲ್ಲಿ ಹರಿಹರಕ್ಕೆ ಹೋದೆವು. ಮಾವನವರನ್ನೂ ಅತ್ತೆಯವರನ್ನೂ ಹೊಳೆದಂಡೆಯ ಮೆಟ್ಟಿಲ ಮೇಲೆ ಕೂರಿಸಿದೆವು. ಬಿಳಿ ವಸ್ತು ಎಲ್ಲಿ? ಮಾವನವರ ಪಂಚೆಗಿಂತ ಬಿಳಿ ಹರಿಹರದಲ್ಲೇ ಇರಲಿಲ್ಲ. ಅದನ್ನೇ ಹಿಡಿದು ಬಟನ್ ಒತ್ತಿ, ಆಮೇಲೆ ಫಿಲ್ಟರ್ ಸಿಕ್ಕಿಸಿದೆ. ಕ್ಯಾಮೆರಾದ ಕಿಂಡಿಯಲ್ಲಿ ಎಲ್ಲ ಕಪ್ಪುಬಿಳುಪು, ಬಣ್ಣ ಟೀವಿಯಲ್ಲೇ ಗೊತ್ತಾಗಬೇಕು. ಸಂಜೆ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಟೀವಿಗೆ ಹಾಕಿ ನೋಡಿದರೆ ಹೊಳೆಗೆ ಅರಿಶಿನ ಕಲಸಿದಂತಿದೆ! ಅತ್ತೆ ಹಳದಿ, ಮೆಟ್ಟಿಲು ಹಳದಿ, ದಡದ ಎಮ್ಮೆ ಕೂಡ ಹಳದಿ. ನನ್ನ ತಪ್ಪು ನನಗೆ ಒಡನೆ ಹೊಳೆಯಿತು. ಅತ್ತೆಯವರು ಪಂಚೆಗೆ ಕೈಬಿಚ್ಚಿ ನೀಲಿ ಹಾಕುತ್ತಾರೆ. ನಮ್ಮ ಕಡೆ ನೀಲಿ ಹಾಕದ ಪಂಚೆಯನ್ನು ಬಿಳಿ ಎಂದು ಯಾರೂ ಒಪ್ಪುವುದಿಲ್ಲ. ಕ್ಯಾಮೆರಾ ಪಾಪ, ಆ ನೀಲಿಯನ್ನೇ ಬಿಳಿ ಎಂದುಕೊಂಡು ಮಿಕ್ಕಿದ್ದಕ್ಕೆಲ್ಲ ಹಳದಿ ಬಳಿದಿದೆ. ಮೇಲೆ ಫಿಲ್ಟರಿನ ಛಾಯೆ ಬೇರೆ. ಇದನ್ನು ಮುಕ್ಕಾಲು ಗಂಟೆ ವಿವರಿಸಿದೆ. ಗಿರಿಜಾ ಮಂಡಕ್ಕಿ ತಿನ್ನುತ್ತ ಕೇಳಿಸಿಕೊಂಡು, "ಅದೆಲ್ಲ ಖರೇ ರೀ. ಆದ್ರೆ ಅವ್ವಗಿಂತ ಅಪ್ಪಾಜಿ ಜಾಸ್ತಿ ಹಳದಿ ಅದಾರಲ್ಲ?" ಎಂದಳು. ಅವರು ಪಂಚೆಗೆ ಹತ್ತಿರ ಇದ್ದರಲ್ಲ, ಅದಕ್ಕೆ ಎಂದೆ. ಯಾವ ಅರ್ಥದಲ್ಲಿ ಹಾಗೆಂದೆನೋ ನನಗೂ ತಿಳಿಯದು.

ಎರಡನೆಯ ಭಾನುವಾರ ಶಾಲೆಯಿಂದ ಹೊಸ ಡ್ರಾಯಿಂಗ್ ಹಾಳೆ ಒಯ್ದೆ. ಹಾಲೇಶ ಹೇಳಿದಂತೆ ಮೊದಲು ಫಿಲ್ಟರ್, ಆಮೇಲೆ ಬಿಳಿ. ಅವತ್ತು ಅತ್ತೆಯವರು, "ಅಳಿಯಂದ್ರೆ, ಇವ್ರು ಉಣ್ಣಾಕ ಒಲ್ರು. ಮೈಯೆಲ್ಲ ಕೆರ್ಕೊಳ್ತಾರೆ" ಎಂದರು. ಮಾವನವರು, "ಬಿಸ್ಲು ಜಾಸ್ತಿ ಐತೆ, ಬೆವರುಸಾಲೆ. ನೀವು ತೆಗೀರಿ ಅಳಿಯಂದ್ರೆ" ಎಂದು ನೆಟ್ಟಗೆ ಕೂತರು. ಬೆವರುಸಾಲೆಗೆ ಕಾರಣವೇನೆಂದು ನಾನೂ ನಾಲ್ಕು ಮಾತು ಹೇಳಿ ಉಂಗುರ ತಿರುಗಿಸಿದೆ. ಕನ್ನಡಕದ ಹೊಳಪು ಸರ್ರನೆ ಹೋಗಿ, ನನ್ನ ಜೀವಮಾನದಲ್ಲಿ ಮೊದಲ ಸಲ ಮಾವನವರ ಕಣ್ಣು ಕಂಡವು. ಸಂಜೆ ಟೀವಿಯಲ್ಲಿ ಹೊಳೆ ಹೊಳೆಯ ಬಣ್ಣದಲ್ಲಿತ್ತು, ಅತ್ತೆಯವರ ಇಳಕಲ್ ಸೀರೆ ಅದರ ಬಣ್ಣದಲ್ಲಿತ್ತು. ಮಾವನವರು ಮಾತ್ರ ಹಳದಿ. ಕಣ್ಣೂ ಹಳದಿ. ಗಿರಿಜಾ ಟೀವಿಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. "ಏನ್ರಿ, ಬಣ್ಣ ಕೆಟ್ಟಿದ್ರೆ ಹಣೆ ಮ್ಯಾಲಿನ ವಿಭೂತಿನೂ ಹಳದಿ ಆಗ್ಬೇಕಿತ್ತಲ್ಲ? ಅದು ಬೆಳ್ಳಗೇ ಐತೆ."

ಓದುಗರೇ, ಇಡೀ ವಿಜ್ಞಾನ ಶಾಸ್ತ್ರದಲ್ಲಿ ಇದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿಲ್ಲ. ಏಳನೇ ಕ್ಲಾಸಿನವರೆಗೆ ಓದಿದ ಹೆಂಗಸು ಕೇಳಿದ್ದಳು. "ಗೊತ್ತಿಲ್ಲ, ನಡೆ, ನಾಳೆ ಹೋಗಿ ನೋಡೋಣ" ಎಂದಿದ್ದರೆ ಮುಗಿದಿತ್ತು. ನಾನು ಕಾಗದ ತರಿಸಿ ಚಿತ್ರ ಬರೆದೆ. ಬೆಳಕು ಚರ್ಮದ ಮೇಲೆ ಬಿದ್ದರೆ ಒಂದು ಥರ, ಬೂದಿಯ ಮೇಲೆ ಬಿದ್ದರೆ ಇನ್ನೊಂದು ಥರ, ಓರೆಯಾಗಿ ಕೂತವರಿಗೆ ಫಿಲ್ಟರ್ ಮತ್ತೊಂದು ಥರ ಎಂದು ಬಾಣದ ಗುರುತು ಹಾಕಿ ತೋರಿಸಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಮೇಷ್ಟ್ರ ಹೆಂಡತಿಯಾಗಿ ಅಷ್ಟು ವರ್ಷ ಕಳೆದಿದ್ದಳು, ಕಾಗದ ಮಡಿಚಿಟ್ಟು ಅಡುಗೆಮನೆಗೆ ಎದ್ದುಹೋದಳು. ಅವಳು ಅವತ್ತು ಜಗಳ ಮಾಡಬೇಕಿತ್ತು ಎಂದು ನನ್ನ ತಪ್ಪನ್ನು ಅವಳ ತಲೆಗೆ ಕಟ್ಟುವ ನೀಚಬುದ್ಧಿಯೂ ಆಗೀಗ ನನಗೆ ಬರುವುದುಂಟು.

ಮೂರನೆಯ ಭಾನುವಾರ ಹಟ ತೊಟ್ಟೇ ಹೋದೆ. ಹಳದಿಯಾದದ್ದನ್ನೇ ಬಿಳಿ ಎಂದು ಕ್ಯಾಮೆರಾಕ್ಕೆ ನಂಬಿಸಿದರೆ ಅದು ಹಳದಿಯನ್ನು ಕಿತ್ತುಹಾಕುತ್ತದೆ ಎಂಬ ಉಪಾಯ ಹೊಳೆದಿತ್ತು. ಹಳೇ ಪಂಚಾಂಗದ ಮಾಸಿದ ಹಾಳೆ ತೋರಿಸಿ ಬಟನ್ ಒತ್ತಿದೆ. ಅಲ್ಲೇ ಮಾವನವರ ಮನೆಯ ಟೀವಿಗೆ ಹಾಕಿ ನೋಡಿದರೆ ಅತ್ತೆಯವರು ನೀಲಿಗಟ್ಟಿದಂತೆ ಕಂಡರು, ಅವರನ್ನು ಪಕ್ಕಕ್ಕೆ ಸರಿಸಿ ಮತ್ತೆ ತೆಗೆದೆ. ವಿಭೂತಿಯೂ ನೀಲಿಯಾಯಿತು, ಇರಲಿ ಎಂದೆ. ಮಾವನವರು ಮಾತ್ರ ಮದುಮಗನಂತೆ ಬಂದರು! ತಿಳಿಯಾದ ಮೈಬಣ್ಣ, ಬೆಳ್ಳನೆಯ ಕಣ್ಣು, ಆ ಕಣ್ಣಿನಲ್ಲಿ ಮಗಳ ಕಡೆ ನೋಡುವ ನಗು. ಸಂಜೆ ನಮ್ಮ ಮನೆಯಲ್ಲಿ ಗಿರಿಜಾ ಅದನ್ನು ನಾಲ್ಕು ಸಲ ಹಾಕಿಸಿ ನೋಡಿದಳು. "ಅಪ್ಪಾಜಿ ಆರಾಮದಾರೆ ಬಿಡ್ರಿ. ನಾನೇ ಸುಮ್ನೆ ಏನೇನೋ ಅನ್ಕೊಂಡೆ" ಎಂದು ಕಣ್ಣೊರೆಸಿಕೊಂಡಳು. ಮಾರನೆಯ ದಿನ ಹರಿಹರಕ್ಕೆ ಹೋಗಿ ಡಾಕ್ಟರಿಗೆ ತೋರಿಸಬೇಕೆಂದಿದ್ದವಳು ಹೋಗಲಿಲ್ಲ. ನಾನು ಗೆದ್ದ ಖುಷಿಯಲ್ಲಿ ಹಾಲೇಶನಿಗೆ ಬೆಣ್ಣೆದೋಸೆ ಕೊಡಿಸಿದೆ.

ತಿಂಗಳು ಕಳೆದ ಮೇಲೆ ಭಾವಮೈದ ಮಾವನವರನ್ನು ಕಾರಿನಲ್ಲಿ ಮಲಗಿಸಿಕೊಂಡು ದಾವಣಗೆರೆಯ ಆಸ್ಪತ್ರೆಗೆ ತಂದ. ಡಾಕ್ಟರು ಮಾವನವರ ಕನ್ನಡಕ ತೆಗೆದು, ಕಿಟಕಿಯ ಕಡೆ ಮುಖ ತಿರುಗಿಸಿ, ರೆಪ್ಪೆ ಎಳೆದು ನೋಡಿದರು. ಅವರಿಗೆ ಫಿಲ್ಟರೂ ಬೇಕಾಗಲಿಲ್ಲ, ಬಿಳಿ ಹಾಳೆಯೂ ಬೇಕಾಗಲಿಲ್ಲ. "ಈ ಹಳದಿ ಎಷ್ಟು ದಿನದಿಂದ ಐತೆ?" ಎಂದರು. ಭಾವಮೈದ ಅತ್ತೆಯವರ ಮುಖ ನೋಡಿದ. ಅತ್ತೆ ಗಿರಿಜಾಳ ಮುಖ ನೋಡಿದರು. "ನಮಗೇನೂ ಗೊತ್ತಾಗ್ಲಿಲ್ರಿ ಡಾಕ್ಟ್ರೆ. ವಿಡಿಯೋದಾಗೂ ಚೆನ್ನಾಗೇ ಕಾಣ್ತಿದ್ರು" ಎಂದಳು ಅವಳು. ಎಷ್ಟು ಭಾನುವಾರ ಆಯಿತೆಂದು ಕೋಣೆಯಲ್ಲಿ ಒಬ್ಬನಿಗೆ ಗೊತ್ತಿತ್ತು. ಕೇಳದಿದ್ದರೂ ಹೇಳುವವನು ಅವತ್ತು ಕೇಳಿದರೂ ಹೇಳಲಿಲ್ಲ. ಪಿತ್ತನಾಳದಲ್ಲಿ ಗಡ್ಡೆ ಬೆಳೆದು ಕಾಮಾಲೆಯಾಗಿದೆ ಎಂದರು. ತಿಂಗಳ ಮೊದಲು ಬಂದಿದ್ದರೆ ಆಪರೇಷನ್ ಮಾತಾಡಬಹುದಿತ್ತು, ಈಗ ಕಷ್ಟ ಎಂದರು. ಶ್ರಾವಣ ಬರುವ ಮೊದಲೇ ಮಾವನವರು ಹೋದರು.

ಮೊದಲ ವರ್ಷದ ಪುಣ್ಯತಿಥಿಗೆ ಹರಿಹರದ ಮನೆ ತುಂಬ ಜನ. ಊಟವಾದ ಮೇಲೆ ಭಾವಮೈದ ಆ ಮೂರನೆಯ ಭಾನುವಾರದ ಕ್ಯಾಸೆಟ್ಟನ್ನೇ ಹಾಕಿದ. ಎಲ್ಲರೂ ಲೊಚಗುಟ್ಟಿದರು. "ನೋಡ್ರಿ, ಎಷ್ಟು ಗಟ್ಟಿಮುಟ್ಟಾಗಿದ್ರು, ಏನು ಕಳೆ ಐತಿ ಮುಖದಾಗೆ. ಹೊತ್ತು ಬಂದ್ರೆ ಯಾರು ಏನು ಮಾಡಾಕ ಆಗ್ತೈತೆ" ಎಂದರು ಒಬ್ಬ ಹಿರಿಯರು. ಆನಗೋಡಿನಿಂದ ಬಂದಿದ್ದ ಬೀಗರು ನನ್ನ ಕೈ ಹಿಡಿದುಕೊಂಡು, "ಮೇಷ್ಟ್ರೆ, ಏನು ಕಲರ್ ಬಂದೈತ್ರಿ! ನಮ್ಮಪ್ಪಂಗೂ ವಯಸ್ಸಾತು. ಇಂಥದ್ದೊಂದು ತೆಗೆದುಕೊಡ್ರಿ, ಬರ್ರಿ" ಎಂದರು. ನಾನು, "ಮೊದ್ಲು ಅವರನ್ನ ಬಿಸಿಲಿಗೆ ಕೂರಿಸಿ, ಕನ್ನಡಕ ತೆಗೆಸಿ, ನೀವೇ ಕಣ್ಣಿಟ್ಟು ನೋಡ್ರಿ. ಏನಾದ್ರೂ ಅನುಮಾನ ಬಂದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ರಿ, ನನ್ನ ಹತ್ರ ಮಾತ್ರ ಬರಬ್ಯಾಡ್ರಿ" ಎಂದೆ. ಪುಣ್ಯತಿಥಿಯ ದಿನವೂ ಮೇಷ್ಟ್ರ ತಮಾಷೆ ಬಿಡಲಿಲ್ಲವಲ್ಲ ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಜೊತೆ ನಾನೂ ನಕ್ಕೆ. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಿರಿಜಾ ಮಾತ್ರ ನಗಲಿಲ್ಲ. ಎಲ್ಲರಿಗೂ ಲೋಟ ಕೊಟ್ಟು, ನನಗೂ ಒಂದು ಕೊಟ್ಟು, ಟೀವಿ ಆರಿಸಿ ಒಳಗೆ ಹೋದಳು.