ಚಿಕ್ಕ ವಾಕ್ಯ

ಟಪಾಲು ಗುಮಾಸ್ತನಿಗೆ ಬೇಕಾಗಿದ್ದದ್ದು ಒಂದು ವಾರದ ನಿದ್ದೆ. ಸಿಕ್ಕಿದ್ದು ಬರೆಯುವ ಕೆಲಸ.

ಮ್ಯಾನೇಜರ್ ಸಾಹೇಬರು ಒಳ್ಳೆಯ ಅಭ್ಯಾಸಗಳ ಬಗ್ಗೆ ಯಾವುದೋ ತರಬೇತಿಗೆ ಹೋಗಿಬಂದಿದ್ದರು. ಅಲ್ಲಿ ಅವರ ತಲೆಗೆ ಏನು ತುಂಬಿ ಕಳಿಸಿದರೋ, ಬಂದವರೇ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಹುಕುಂ ಹೊರಡಿಸಿದರು. ಇನ್ನು ಮುಂದೆ ಎಲ್ಲರೂ ದಿನಾ ಬೆಳಿಗ್ಗೆ ತಮ್ಮ ಬಗ್ಗೆ ಒಂದಷ್ಟು ಸಾಲು ಬರೆದು ಗುಂಪಿಗೆ ಹಾಕಬೇಕು. ಬರೆದರೆ ಮನಸ್ಸು ಹಗುರವಾಗುತ್ತದೆ, ಶಿಸ್ತು ತಾನಾಗಿ ಬರುತ್ತದೆ. ತಪ್ಪಿಸಿದವರು ರಜೆ ಕೇಳಿಕೊಂಡು ಸಾಹೇಬರ ಕೋಣೆಗೆ ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ಆ ಕೊನೆಯ ಮಾತೇ ಗುಮಾಸ್ತನ ಕುತ್ತಿಗೆಗೆ ಬಂದದ್ದು. ಅವನ ರಜೆ ಅರ್ಜಿ ಸಾಹೇಬರ ಮೇಜಿನ ಮೇಲೆ ಸಹಿಗೆ ಕಾದು ಕೂತಿತ್ತು. ತಿಂಗಳಿಂದ ಮನೆಯಲ್ಲಿದ್ದ ಅತ್ತೆ ಇವತ್ತು ಸಂಜೆ ತಮ್ಮೂರಿಗೆ ಹೊರಡುವವರಿದ್ದರು. ಬಿಟ್ಟುಬರಲು ಹೆಂಡತಿಯೂ ಜೊತೆಗೆ ಹೋಗಿ ಒಂದು ವಾರ ಅಲ್ಲೇ ಇರುವವಳು. ಮನೆ ಖಾಲಿ. ರಜೆಯೂ ಸಿಕ್ಕಿಬಿಟ್ಟರೆ ಪರದೆ ಎಳೆದು, ಫೋನ್ ಆಫ್ ಮಾಡಿ, ಮರದ ದಿಮ್ಮಿಯ ಹಾಗೆ ಬಿದ್ದುಕೊಳ್ಳಬಹುದು. ನೆನೆಸಿಕೊಂಡರೇ ಅವನಿಗೆ ಆಕಳಿಕೆ ಬರುತ್ತಿತ್ತು.

ಅತ್ತೆ ಕೆಟ್ಟವರೇನಲ್ಲ. ಪ್ರೀತಿ ಜಾಸ್ತಿ, ಅಷ್ಟೇ. ಅಳಿಯ ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತು "ನೀರು ಬಿಸಿ ಇದೆಯಾ?" ಎನ್ನುವರು. ಪೇಪರ್ ಹಿಡಿದರೆ ಹಿಂಬದಿಯ ಪುಟವನ್ನು ತಾವು ಗಟ್ಟಿಯಾಗಿ ಓದುವರು. ಭಾನುವಾರ ಮಧ್ಯಾಹ್ನ ಕಣ್ಣು ಮುಚ್ಚಿದರೆ "ಮಲಗಿದ್ರಾ?" ಎಂದು ಎಬ್ಬಿಸಿ ಕೇಳುವರು.

ಬರೆಯುವ ಮೊದಲ ದಿನ ಗುಮಾಸ್ತ ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಬರೆದಿದ್ದ: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾನು ಈ ದಿನ ಬೆಳಿಗ್ಗೆ ಎದ್ದಿರುತ್ತೇನೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ." ಸಾಹೇಬರು ಗುಂಪಿನಲ್ಲೇ ಉಗಿದರು. "ಇದು ಬರವಣಿಗೆ ಅಲ್ಲ ಕಣ್ರೀ, ಸುತ್ತೋಲೆ. ಚಿಕ್ಕ ಚಿಕ್ಕ ವಾಕ್ಯ ಬರೀರಿ. ಒಂದು ಪದದಲ್ಲಿ ಮುಗಿಯೋದಕ್ಕೆ ಎರಡು ಯಾಕೆ?"

ಸರಿ, ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ತೂಕಡಿಸುತ್ತಲೇ ಮೊಬೈಲ್ ತೆಗೆದ. ವಿಷಯಕ್ಕೇನು ಬರವೇ? ತಿಂಗಳಿಂದ ಕಣ್ಣೆದುರಿಗಿದ್ದದ್ದು ಒಂದೇ ವಿಷಯ. ಕ್ರಿಯಾಪದಗಳನ್ನೆಲ್ಲ ಕತ್ತರಿಸಿ ಎಸೆದು ಬರೆದ:

"ಎದ್ದ ಕೂಡಲೇ ಅತ್ತೆ. ಬಚ್ಚಲ ಬಾಗಿಲಲ್ಲಿ ಅತ್ತೆ. ಕಾಫಿ ಕುಡಿಯುವಾಗ ಅತ್ತೆ. ಪೇಪರ್ ಓದುವಾಗಲೂ ಅತ್ತೆ. ಕಣ್ಣು ಮುಚ್ಚಿದರೂ ಅತ್ತೆ."

ಕಳಿಸಿದ ಮೇಲೆ ನೆನಪಾಯಿತು: ಆಫೀಸಿನ ಟೈಪಿಸ್ಟ್ ಅವನ ಹೆಂಡತಿಯ ಚಿಕ್ಕಪ್ಪನ ಮಗಳು. ಅವಳೂ ಗುಂಪಿನಲ್ಲಿದ್ದಾಳೆ! ಅಳಿಸೋಣವೆಂದರೆ ಅಷ್ಟರಲ್ಲಿ ಸಾಹೇಬರು ಎರಡು ಕೈಮುಗಿದ ಚಿತ್ರ ಹಾಕಿಯಾಗಿತ್ತು.

ಆಫೀಸಿಗೆ ಕಾಲಿಟ್ಟರೆ ಎಲ್ಲರ ಮುಖದಲ್ಲೂ ಸಾವಿನ ಮನೆಗೆ ಬಂದ ಕಳೆ. ಕ್ಯಾಷಿಯರ್ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಗಂಡಸರೂ ಅಳಬಹುದು ಕಣ್ರೀ. ಪ್ರಮೋಷನ್ ತಪ್ಪಿದಾಗ ನಾನೂ ಅತ್ತಿದ್ದೆ. ಆದ್ರೆ ಪೇಪರ್ ಓದುವಾಗಲೂ ಅಂದ್ರೆ ಸ್ವಲ್ಪ ಜಾಸ್ತಿ ಆಯ್ತು."

ಗುಮಾಸ್ತನಿಗೆ ಆಗ ಹೊಳೆಯಿತು. ಹೆಂಡತಿಯ ತಾಯಿಯೂ ಅತ್ತೆ, ಕಣ್ಣೀರು ಹಾಕಿದೆನೆನ್ನುವುದೂ ಅತ್ತೆ. ಆಫೀಸಿಗೆ ಆಫೀಸೇ ಅವನನ್ನು ಬೆಳಗಿನಿಂದ ಅಳಿಸಿ ಕೂರಿಸಿತ್ತು.

"ಅಯ್ಯೋ ಇಲ್ಲಪ್ಪ, ಅದು ಅತ್ತೆ..."

"ಗೊತ್ತು, ಅತ್ರಿ. ಓದಿದೀವಲ್ಲ."

ಟೈಪಿಸ್ಟ್ ತನ್ನ ಕರವಸ್ತ್ರ ತಂದು ಅವನ ಮೇಜಿನ ಮೇಲಿಟ್ಟಳು. "ಬಾವ, ನೀವು ಇಷ್ಟು ಮೆತ್ತಗಿನ ಮನಸ್ಸಿನೋರು ಅಂತ ಗೊತ್ತೇ ಇರ್ಲಿಲ್ಲ. ಅಕ್ಕನ ಜೊತೆ ಏನಾದ್ರೂ ಜಗಳಾನಾ?"

"ಜಗಳ ಎಲ್ಲಿ ಬಂತಮ್ಮ? ನಾನು ಬರ್ದಿದ್ದು..." ಎಂದವನು ಬಾಯಿ ಮುಚ್ಚಿಕೊಂಡ. ನಿಮ್ಮ ದೊಡ್ಡಮ್ಮನ ಕಾಟ ತಡೆಯಲಾರದೆ ಬರೆದೆ ಎಂದು ಇವಳ ಮುಂದೆ ಹೇಳುವುದೂ ಒಂದೇ, ಮನೆಯ ಗೋಡೆಗೆ ಬರೆದು ಅಂಟಿಸುವುದೂ ಒಂದೇ. ಅಳುಬುರುಕನಾಗಿಯೇ ಇರುವುದು ವಾಸಿ ಎನ್ನಿಸಿತು.

ಮೌನವನ್ನು ಅವರು ಇನ್ನೂ ದೊಡ್ಡ ದುಃಖವೆಂದುಕೊಂಡರು. ಕ್ಯಾಷಿಯರ್ ಮೆಲ್ಲಗೆ ಬಂದು ಲಕೋಟೆ ಕತ್ತರಿಸುವ ಕತ್ತರಿಯನ್ನು ಎತ್ತಿಟ್ಟುಕೊಂಡ. "ಇವತ್ತು ಇದು ನನ್ನ ಹತ್ರ ಇರಲಿ," ಎಂದ. ಕತ್ತರಿ ಇಲ್ಲದೆ ಗುಮಾಸ್ತ ಟಪಾಲನ್ನೆಲ್ಲ ಕೈಯಲ್ಲೇ ಹರಿಯಬೇಕಾಯಿತು. ಹೆಡ್ಡಾಫೀಸಿನ ಪತ್ರವೊಂದು ಲಕೋಟೆಯ ಜೊತೆಗೇ ಎರಡು ತುಂಡಾಯಿತು. ಅವನು ತುಂಡುಗಳಿಗೆ ಗೋಂದು ಹಚ್ಚುತ್ತಿದ್ದುದನ್ನು ಕಂಡು ಟೈಪಿಸ್ಟ್ "ಕೋಪಾನೂ ಇದೆ ಪಾಪ" ಎಂದು ಪಿಸುಗುಟ್ಟಿದಳು.

ಮಧ್ಯಾಹ್ನ ಸಾಹೇಬರು ಕರೆಸಿದರು. ಹರಿದ ಪತ್ರದ ವಿಷಯವೇ ಇರಬೇಕೆಂದುಕೊಂಡು ಗುಮಾಸ್ತ ಒಳಗೆ ಹೋದ.

"ಕೂತ್ಕೊಳ್ಳಿ. ನಿಜ ಹೇಳಿ, ಅತ್ರಾ?"

ಅವನು ಮೇಜಿನ ಮೇಲಿದ್ದ ತನ್ನ ಅರ್ಜಿಯನ್ನು ನೋಡಿದ. ಸಾಹೇಬರ ಪೆನ್ನಿನ ಮುಚ್ಚಳ ಸಹಿಗೆಂದು ತೆರೆದೇ ಇತ್ತು.

"ಅತ್ತೆ ಸಾರ್," ಎಂದ. ಅವನ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

"ನೋಡಿ, ಬರವಣಿಗೆ ಹೇಗೆ ಒಳಗಿರೋದನ್ನ ಹೊರಗೆ ತರುತ್ತೆ! ಹೋಗಿ, ಒಂದು ವಾರ ಆರಾಮ ಮಾಡಿ." ಸಾಹೇಬರು ಸರ್ರನೆ ಸಹಿ ಹಾಕಿದರು. "ಆದ್ರೆ ಬರೆಯೋದು ಮಾತ್ರ ನಿಲ್ಲಿಸ್ಬೇಡಿ. ಮನೆಯಿಂದ್ಲೇ ಹಾಕಿ."

ಸಂಜೆ ಗುಮಾಸ್ತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆಯ ಊರಿನ ಬಸ್ ಹೊರಟುಹೋಗಿರುವ ಹೊತ್ತು. ಜೇಬಿನಲ್ಲಿ ಬೀಗದ ಕೈ ಹುಡುಕುತ್ತ ಮೆಟ್ಟಿಲು ಹತ್ತಿದರೆ ಬಾಗಿಲು ತೆರೆದೇ ಇತ್ತು. ಒಳಗೆ ಹೆಂಡತಿ ಅಮ್ಮನ ಸೀರೆಗಳನ್ನು ಚೀಲದಿಂದ ತೆಗೆದು ಮತ್ತೆ ಬೀರುವಿಗೆ ಜೋಡಿಸುತ್ತಿದ್ದಳು.

"ಇನ್ನೂ ಹೊರಡ್ಲಿಲ್ವಾ?"

"ನಿಮ್ಮ ಆಫೀಸಿಂದ ತಂಗಿ ಫೋನ್ ಮಾಡಿದ್ಲು ರೀ, ನೀವು ಒಂದೇ ಸಮ ಅಳ್ತಿದೀರ ಅಂತ. ನಂಗೆ ಕೈಕಾಲೇ ಆಡ್ಲಿಲ್ಲ. ಬರ್ದಿದ್ದನ್ನ ಕಳಿಸೇ ಅಂತ ತರಿಸ್ಕೊಂಡು ಅಮ್ಮಂಗೆ ಓದಿ ಹೇಳ್ದೆ. ಅಮ್ಮ ನಕ್ಕುಬಿಟ್ರು."

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಶಾಲೆ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟು ಗಂಟಲು ಸವೆಸಿದೋಳು ನಾನು. ಅದು ಕ್ರಿಯಾಪದ ಅಲ್ವೇ ಅಲ್ಲ, ನಾಮಪದ! ಅತ್ತೆ ಅಂದ್ರೆ ನಾನು. ಅಲ್ವಾ ಅಳಿಯಂದ್ರೇ?"

ಗುಮಾಸ್ತ ನಿಂತಲ್ಲೇ ಭೂಮಿಗೆ ಇಳಿದುಹೋದ. ಇಡೀ ದಿನ ಹೊತ್ತು ತಿರುಗಿದ ಕಣ್ಣೀರು ಉಪಯೋಗಕ್ಕೆ ಬರಲಿಲ್ಲ. "ಅದು... ಹಾಗಲ್ಲ..." ಎಂದು ತೊದಲಿದ.

"ಸಂಕೋಚ ಯಾಕೆ?" ಅತ್ತೆಯ ದನಿ ಗದ್ಗದವಾಯಿತು. "ಕಣ್ಣು ಮುಚ್ಚಿದ್ರೂ ನಾನೇ ಕಾಣ್ತೀನಿ ಅಂದ್ರೆ! ಹೆತ್ತ ಮಕ್ಕಳೂ ನನ್ನ ಮೇಲೆ ಒಂದು ಸಾಲು ಬರೀಲಿಲ್ಲ. ಇಂಥ ಅಳಿಯನ್ನ ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬರುತ್ತೆ? ಟಿಕೆಟ್ ರದ್ದು ಮಾಡಿಸ್ದೆ. ನಿಮಗೆ ರಜಾನೂ ಸಿಕ್ಕಿದೆಯಂತೆ. ದಿನಾ ಬೆಳಕು ಹರಿಯೋ ಮುಂಚೆ ಎಬ್ಬಿಸ್ತೀನಿ. ನಾನು ಹೇಳ್ತಾ ಹೋಗ್ತೀನಿ, ನೀವು ಬರ್ಕೊಳ್ಳಿ. ನಾನು ಹುಟ್ಟಿದಾಗಿನಿಂದ ಶುರು ಮಾಡೋಣ."

ಗುಮಾಸ್ತ ಕುರ್ಚಿಯಲ್ಲಿ ಕುಸಿದು ಕೂತ. ತಡೆಯಲು ನೋಡಿದ, ಆಗಲಿಲ್ಲ. ಎರಡೂ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು.

"ನೋಡೇ," ಎಂದು ಅತ್ತೆ ಮಗಳನ್ನು ಕರೆದು ತೋರಿಸಿದರು. "ಎಷ್ಟು ಸಂತೋಷ ಆಗಿದೆ ನೋಡು ಅವ್ರಿಗೆ."